ಹವ್ಯಾಸಿಗೆ ಯಾವ ಮೋಟೋಕ್ರಾಸ್ ಬೈಕ್: ಟೂ-ಸ್ಟ್ರೋಕ್ಕಾ, ಫೋರ್-ಸ್ಟ್ರೋಕ್ಕಾ?

ವಾರಕ್ಕೊಮ್ಮೆ ಮೋಟೋಕ್ರಾಸ್ (ಮಣ್ಣಿನ ಉಬ್ಬುತಗ್ಗುಗಳ ಮೇಲಿನ ಬೈಕ್ ರೇಸ್) ಟ್ರ್ಯಾಕಿಗೆ ಹೋಗುವವರಿಗೆ 125 ಸಿಸಿ ಟೂ-ಸ್ಟ್ರೋಕ್ ಸರಿಯೋ, 250 ಸಿಸಿ ಫೋರ್-ಸ್ಟ್ರೋಕ್ ಸರಿಯೋ ಅಂತ ಕೇಳಿದ್ದೀರಿ. ರಿಪೇರಿ ನೀವೇ ಮಾಡಿಕೊಳ್ಳುವವರಾದರೆ ನನ್ನ ಓಟು 125ಕ್ಕೆ.

ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ, ಫೋರ್-ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಮ್ಮೆ. ಅದಕ್ಕೇ ಚಿಕ್ಕ ಟೂ-ಸ್ಟ್ರೋಕಿಗೂ ಗಾತ್ರಕ್ಕೆ ಮೀರಿದ ಶಕ್ತಿ. ಆದರೆ 125ರ ಶಕ್ತಿಯೆಲ್ಲ ಇರುವುದು ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ಜೋರಾಗಿ ತಿರುಗುವಾಗ. ತಿರುವಿನಲ್ಲಿ ಒಂದು ಗೇರ್ ಜಾಸ್ತಿಯಿದ್ದರೆ ಸುಮ್ನೆ ಗೊರಗೊರ ಅನ್ನುತ್ತದೆ, ಮುಂದೆ ಹೋಗುವುದಿಲ್ಲ. ಒಂದು ಬೆರಳಲ್ಲಿ ಕ್ಲಚ್ ಮೀಟಿ ಎಬ್ಬಿಸಬೇಕು. ಸುಸ್ತಾಗುತ್ತದೆ ನಿಜ, ಆದರೆ ಗೇರ್, ಕ್ಲಚ್ ಎಲ್ಲ ಕಲಿಸುವುದು ಅದೇ. 250 ಕೆಳಗಿನಿಂದಲೇ ನಯವಾಗಿ ಎಳೆಯುತ್ತದೆ, ಗೇರ್ ತಪ್ಪಿದರೂ ಸಂಭಾಳಿಸುತ್ತದೆ. ತೂಕ ಮಾತ್ರ ಸುಮಾರು 10 ಕೆಜಿ ಜಾಸ್ತಿ.

ಟೂ-ಸ್ಟ್ರೋಕ್‌ನ ಪಿಸ್ಟನ್, ರಿಂಗ್ ಬೇಗ ಸವೆಯುತ್ತವೆ. ಆದರೆ ಹೆಡ್, ಸಿಲಿಂಡರ್ ಬಿಚ್ಚಿ ಮನೆಯಲ್ಲೇ ಬದಲಾಯಿಸಬಹುದು. ಫೋರ್-ಸ್ಟ್ರೋಕ್‌ನಲ್ಲಿ ವಾಲ್ವ್, ಅದನ್ನು ತೆರೆಯುವ ಕ್ಯಾಮ್, ಕ್ಯಾಮ್ ತಿರುಗಿಸುವ ಚೈನ್ ಅಂತ ಭಾಗಗಳು ಹೆಚ್ಚು. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಬಳಿ ಬಿಡುವ ಸಣ್ಣ ಸಂದು) ನೋಡದೆ ಓಡಿಸಿ, ವಾಲ್ವ್ ಮುರಿದು ಒಳಗೆ ಬಿದ್ದರೆ ಇಂಜಿನ್ ಹೋದ ಹಾಗೇ. ಸೆಕೆಂಡ್ ಹ್ಯಾಂಡ್ 250ಕ್ಕೆ ನಾನು ಹೆದರುವುದು ಇದಕ್ಕೇ.

ಹಾಂ, 125ಕ್ಕೆ ಪೆಟ್ರೋಲಲ್ಲಿ ಆಯಿಲ್ ಬೆರೆಸಬೇಕು. ಮ್ಯಾನ್ಯುಯಲ್‌ನಲ್ಲಿ 40:1 ಅಂತಿದ್ದರೆ ಲೀಟರಿಗೆ 25 ಎಂಎಲ್. ಮರೆತರೆ ಪಿಸ್ಟನ್ ಸೀಜ್, ಅಂದರೆ ಸಿಲಿಂಡರಲ್ಲೇ ಕಚ್ಚಿಕೊಳ್ಳುತ್ತದೆ!