ಹಕ್ಕಿಯ ಹಿಕ್ಕೆ ಬೇರೆ, ಚರಂಡಿ ನೀರು ಬೇರೆ

ಓದುಗರ ಪತ್ರ: ಕಡಲಹಕ್ಕಿಗಳ ಹಿಕ್ಕೆಯಿಂದ ಹವಳದ ದಿಬ್ಬಗಳು ಹುಲುಸಾಗುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಆದರೆ ಚರಂಡಿ ನೀರು, ಹೊಲದ ಗೊಬ್ಬರ ಸಮುದ್ರ ಸೇರಿದರೆ ಹವಳ ಹಾಳಾಗುತ್ತದೆ ಎಂದೂ ಓದಿದ್ದೇನೆ. ಅದೂ ಸಾರಜನಕ, ಇದೂ ಸಾರಜನಕ ಅಲ್ವಾ? ನಮ್ಮ ನೇತ್ರಾಣಿ ದ್ವೀಪದಲ್ಲೂ ಹಕ್ಕಿಗಳಿಂದ ಹವಳಕ್ಕೆ ಲಾಭ ಆಗುತ್ತಿರಬಹುದೇ? (ಭಟ್ಕಳದ ಓದುಗರು)

ಸಂಪಾದಕರ ಉತ್ತರ:

ನಮಸ್ಕಾರ. ಆ ಲೇಖನಕ್ಕೆ ಬಂದ ಪತ್ರಗಳಲ್ಲಿ ನಿಮ್ಮದು ನನಗೆ ತುಂಬಾ ಹಿಡಿಸಿತು. ಸಾರಜನಕ ಎರಡರಲ್ಲೂ ಇದೆ, ನಿಜ. ಆದರೆ ಅದರ ಜೊತೆಗೆ ಏನು ಬರುತ್ತದೆ, ಎಷ್ಟು ಬರುತ್ತದೆ, ಬಂದದ್ದನ್ನು ತಿನ್ನಲು ಅಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಇದು ಚೆನ್ನಾಗಿ ಗೊತ್ತಾಗಿದ್ದು ಹಿಂದೂ ಮಹಾಸಾಗರದ ನಟ್ಟನಡುವಿನ ಚಾಗೋಸ್ ದ್ವೀಪಗಳಲ್ಲಿ. ಡಿಯೇಗೋ ಗಾರ್ಸಿಯಾ ಹೆಸರು ಕೇಳಿರುತ್ತೀರಿ, ಅದೇ ಗುಂಪು. 18ನೇ ಶತಮಾನದಲ್ಲಿ ಹಡಗುಗಳ ಜೊತೆ ಇಲಿಗಳು ಅಲ್ಲಿಗೆ ಹೋದವು. ಕಡಲಹಕ್ಕಿಗಳ ಮೊಟ್ಟೆ, ಮರಿ ಎಲ್ಲಾ ತಿಂದು ಮುಗಿಸಿದವು. ಕೆಲವು ದ್ವೀಪಗಳಿಗೆ ಮಾತ್ರ ಇಲಿ ತಲುಪಲೇ ಇಲ್ಲ. ಅಲ್ಲಿ ಇವತ್ತಿಗೂ ಬೂಬಿ, ನಾಡಿ, ಟರ್ನ್ ಹಕ್ಕಿಗಳು ಕಿಕ್ಕಿರಿದಿವೆ. (ಆ ದ್ವೀಪಗಳ ಮೂಲ ಜನರನ್ನು ಬ್ರಿಟನ್ 1968ರಿಂದ 1973ರ ನಡುವೆ ಬಲವಂತವಾಗಿ ಹೊರಹಾಕಿತು. ಅಲ್ಲಿನ ವಿಜ್ಞಾನದ ಬಗ್ಗೆ ಬರೆಯುವಾಗ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.)

ಸಮುದ್ರ ವಿಜ್ಞಾನಿ ನಿಕ್ ಗ್ರಹಾಂ ಮತ್ತು ಜೊತೆಗಾರರು ಇಲಿ ಇರುವ 6, ಇಲ್ಲದ 6 ದ್ವೀಪಗಳನ್ನು ಹೋಲಿಸಿ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಇಲಿ ಇಲ್ಲದ ಕಡೆ ಹಕ್ಕಿಗಳ ದಟ್ಟಣೆ 760 ಪಟ್ಟು, ನೆಲಕ್ಕೆ ಬೀಳುವ ಸಾರಜನಕ 251 ಪಟ್ಟು ಜಾಸ್ತಿ. ಈ ಹಕ್ಕಿಗಳು ದೂರದ ಆಳ ಸಮುದ್ರದಲ್ಲಿ ಮೀನು, ಸ್ಕ್ವಿಡ್ ಹಿಡಿದು ತಿಂದು ದ್ವೀಪಕ್ಕೆ ಬಂದು ಹಿಕ್ಕೆ ಹಾಕುತ್ತವೆ. ಮಳೆ ಅದನ್ನು ತೊಳೆದು ದಡದ ನೀರಿಗೆ ಇಳಿಸುತ್ತದೆ.

ನೀರಿಗೆ ಇಳಿದದ್ದು ಹಕ್ಕಿಯದೇ ಅಂತ ಹೇಗೆ ಗೊತ್ತು? ಸಾರಜನಕದಲ್ಲಿ ತುಸು ಭಾರದ ಒಂದು ಬಗೆಯಿದೆ. ಒಂದು ಜೀವಿಯನ್ನು ಇನ್ನೊಂದು ತಿನ್ನುತ್ತಾ ಹೋದ ಹಾಗೆ ಅದರ ಪಾಲು ಏರುತ್ತದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಅದು ಎದ್ದು ಕಾಣುತ್ತದೆ. ಇದೇ ಗುರುತು ದ್ವೀಪದ ಮಣ್ಣಿನಲ್ಲಿ, ಗಿಡದ ಎಲೆಯಲ್ಲಿ, ನೀರೊಳಗಿನ ಪಾಚಿಯಲ್ಲಿ, ಕೊನೆಗೆ ಮೀನಿನ ಮೈಯಲ್ಲೂ ಸಿಕ್ಕಿತು. ಡ್ಯಾಮ್ಸೆಲ್ ಅನ್ನುವ ಪುಟ್ಟ ಮೀನೊಂದಿದೆ. ಹವಳದ ಮೇಲೆ ತನ್ನದೇ ಒಂದು ಪಾಚಿ ತುಂಡು ಇಟ್ಟುಕೊಂಡು, ಹತ್ತಿರ ಬಂದವರನ್ನೆಲ್ಲಾ ಅಟ್ಟಿಸಿಕೊಂಡು ಹೋಗುತ್ತದೆ. ಅದರ ಕಿವಿಯೊಳಗೆ ಸಣ್ಣ ಕಲ್ಲಿನಂಥ ಗಟ್ಟಿ ತುಣುಕಿರುತ್ತದೆ. ಮರದ ಕಾಂಡದ ಉಂಗುರಗಳಂತೆ ಅದರಲ್ಲಿ ವರ್ಷವರ್ಷವೂ ಗೆರೆ ಮೂಡುತ್ತದೆ. ಗೆರೆ ಎಣಿಸಿ ನೋಡಿದರೆ, ಹಕ್ಕಿಗಳಿರುವ ದ್ವೀಪದ ಬಳಿಯ ಮೀನು ಅದೇ ವಯಸ್ಸಿಗೆ ಹೆಚ್ಚು ಬೆಳೆದಿತ್ತು. ಒಟ್ಟು ಮೀನಿನ ತೂಕವೂ ಅಲ್ಲಿ ಶೇ 48ರಷ್ಟು ಜಾಸ್ತಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಹವಳದ ಊಟ ಬಹುಪಾಲು ಅದರಿಂದಲೇ. ಹೊಲದ ಗೊಬ್ಬರ, ಕೊಳಚೆ ನೀರಿನಿಂದ ಎಷ್ಟೋ ಕಡೆ ನೈಟ್ರೇಟ್ (ಸಾರಜನಕದ ಒಂದು ರೂಪ) ಮಾತ್ರ ಏರುತ್ತದೆ, ಅದಕ್ಕೆ ತಕ್ಕಷ್ಟು ರಂಜಕ ಇರುವುದಿಲ್ಲ. ಪಾಚಿ ಬೆಳೆಯಲು ಹೊರಟು ರಂಜಕವಿಲ್ಲದೆ ಸೊರಗುತ್ತದೆ. ಆಮೇಲೆ ನೀರು ಸ್ವಲ್ಪ ಬಿಸಿಯಾದರೂ ಹವಳ ಆ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಇರುತ್ತವೆ. ಅದು ಸ್ವಲ್ಪಸ್ವಲ್ಪವಾಗಿ ಇಳಿಯುತ್ತದೆ. ಹೂಳಿಲ್ಲ, ಕೀಟನಾಶಕವಿಲ್ಲ. ಜೊತೆಗೆ ಚಾಗೋಸ್‌ನಲ್ಲಿ ಗಿಳಿಮೀನುಗಳು ಬೇಕಾದಷ್ಟಿವೆ. ಹವಳವನ್ನು ಮುಚ್ಚುವ ಪಾಚಿಯನ್ನು ಅವು ಕೆರೆದು ತಿನ್ನುತ್ತವೆ. ಮೀನೆಲ್ಲಾ ಬಾಚಿಕೊಂಡ ಕಡೆ ಇದೇ ಹಿಕ್ಕೆ ಬಿದ್ದರೂ ಇಷ್ಟು ಒಳ್ಳೆಯದಾದೀತು ಅಂತ ನನಗೆ ಅನ್ನಿಸುವುದಿಲ್ಲ.

ಹಾಗಂತ ಹಕ್ಕಿಗಳು ಹವಳವನ್ನು ಬಿಸಿಯಿಂದ ಕಾಪಾಡಲಿಲ್ಲ. 2015-16ರಲ್ಲಿ ಸಮುದ್ರ ಬಿಸಿಯೇರಿದಾಗ ಚಾಗೋಸ್‌ನಲ್ಲಿ ಎರಡೂ ಬಗೆಯ ದ್ವೀಪಗಳ ಸುತ್ತ ಹವಳ ಸತ್ತಿತು. ವ್ಯತ್ಯಾಸ ಕಂಡಿದ್ದು ಆಮೇಲೆ. 2023ರ ಅಧ್ಯಯನದ ಪ್ರಕಾರ ಹಕ್ಕಿಗಳಿರುವ ದ್ವೀಪದ ಬಳಿ ಕವಲು ಹವಳದ ಬೆಳವಣಿಗೆ ಎರಡು ಪಟ್ಟಿಗೂ ಜಾಸ್ತಿ ಇತ್ತು, ಚೇತರಿಕೆ ಸುಮಾರು 10 ತಿಂಗಳು ಬೇಗ. ಬಿಸಿ ಅಲೆಗಳು ಒಂದರ ಹಿಂದೆ ಒಂದು ಬರುವ ಈ ಕಾಲದಲ್ಲಿ 10 ತಿಂಗಳು ಅಂದರೆ ಸುಮ್ನೆ ಅಲ್ಲ.

ನೇತ್ರಾಣಿಗೆ ಇದನ್ನು ಹಾಗೇ ಅನ್ವಯಿಸಬೇಡಿ. ಚಾಗೋಸ್ ಸುತ್ತಲಿನ ನೀರು ಪೋಷಕಾಂಶವಿಲ್ಲದ ಬಡ ನೀರು, ಅದಕ್ಕೇ ಹಿಕ್ಕೆಗೆ ಅಲ್ಲಿ ಅಷ್ಟು ಬೆಲೆ. ನೇತ್ರಾಣಿ ಕರಾವಳಿಗೆ ಹತ್ತಿರ, ಮಳೆಗಾಲದಲ್ಲಿ ನಮ್ಮ ಹೊಳೆಗಳೆಲ್ಲಾ ಕರಾವಳಿಯ ನೀರಿಗೆ ಸೇರುತ್ತವೆ. ಹೋಲಿಸಲೇಬೇಕೆಂದರೆ ಲಕ್ಷದ್ವೀಪದ ಕಡೆ ನೋಡಿ. ಕವರತ್ತಿ ಬಳಿ ಪಿಟ್ಟಿ ಅನ್ನುವ ಜನವಸತಿ ಇಲ್ಲದ ಸಣ್ಣ ಮರಳು ದ್ವೀಪದಲ್ಲಿ ಟರ್ನ್ ಹಕ್ಕಿಗಳು ಗುಂಪುಗುಂಪಾಗಿ ಮೊಟ್ಟೆ ಇಡುತ್ತವೆ. ಅಲ್ಲಿ ದೋಣಿ ಇಳಿಸಿ ಹಕ್ಕಿಗಳನ್ನು ಎಬ್ಬಿಸದಿರುವುದು, ಇಲಿ ಕಾಲಿಡದಂತೆ ನೋಡಿಕೊಳ್ಳುವುದು ಇವತ್ತೇ ಮಾಡಬಹುದಾದ ಕೆಲಸ. ಇಲಿ ಒಮ್ಮೆ ಸೇರಿಕೊಂಡರೆ ದ್ವೀಪಪೂರ್ತಿ ವಿಷದ ಕಾಳು ಚೆಲ್ಲಿ ತೆಗೆಯಬೇಕು. ಪೆಸಿಫಿಕ್‌ನ ಪಾಲ್ಮೈರಾ ದ್ವೀಪದಲ್ಲಿ 2011ರಲ್ಲಿ ಹಾಗೆ ಮಾಡಿದರು. ಇಲಿ ಹೋದ ಮೇಲೂ ಹಕ್ಕಿಗಳು ಮೊದಲಿನಷ್ಟಾಗಲು ಎಷ್ಟೋ ವರ್ಷ ಬೇಕು.