ಎದೆಯ ಮೇಲೆ ನಿಲ್ಲದ ಬಾರ್ ಲೆಕ್ಕಕ್ಕಿಲ್ಲ

ಪ್ರಶ್ನೆ: ಒಂದು ವರ್ಷದಿಂದ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ, ತೂಕದ ಬಾರನ್ನು ಎದೆಗೆ ಇಳಿಸಿ ಮೇಲಕ್ಕೆ ತಳ್ಳುವ ವ್ಯಾಯಾಮ) ಮಾಡುತ್ತಿದ್ದೇನೆ. 70 ಕೆಜಿಯನ್ನು ಆರು ಸಲ ಎತ್ತುತ್ತೇನೆ. ಆದರೆ ಬಾರ್ ಕೆಳಗಿಳಿಯುವಾಗ ಭುಜದ ಮುಂಭಾಗ ಚುಚ್ಚಿದಂತಾಗುತ್ತದೆ. ನನ್ನ ಗೆಳೆಯ 100 ಕೆಜಿ ಎತ್ತುತ್ತಾನೆ, ಆದರೆ ಬಾರನ್ನು ಎದೆಗೆ ಬಡಿದು ಎಗರಿಸುತ್ತಾನೆ. ನನ್ನ ನಿಜವಾದ ಶಕ್ತಿ ಎಷ್ಟು ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು ಭುಜ ಸರಿ ಮಾಡಿಕೊಳ್ಳಿ, ಲೆಕ್ಕ ಆಮೇಲೆ. ಯಾರಿಗಾದರೂ ಹೇಳಿ ನಿಮ್ಮ ಕಾಲಿನ ಕಡೆಯಿಂದ ಒಂದು ವಿಡಿಯೊ ಮಾಡಿಸಿ. ಬಾರ್ ಕೆಳಗಿರುವಾಗ ಮೊಣಕೈಗಳು ಭುಜದ ನೇರಕ್ಕೆ ಅಗಲವಾಗಿ ಚಾಚಿಕೊಂಡಿವೆಯಾ? ಬಾರ್ ಕುತ್ತಿಗೆಯ ಹತ್ತಿರ ಇಳಿಯುತ್ತಿದೆಯಾ? ಇಂಥ ಚುಚ್ಚುವಿಕೆಗೆ ಹೆಚ್ಚಾಗಿ ಕಾರಣ ಇದೇ. ಮೊಣಕೈಯನ್ನು ಸ್ವಲ್ಪ ಒಳಗೆ ತನ್ನಿ, ದೇಹಕ್ಕೂ ತೋಳಿಗೂ ನಡುವೆ 45ರಿಂದ 70 ಡಿಗ್ರಿ ಇದ್ದರೆ ಸಾಕು. ಬಾರ್ ಎದೆಯ ಕೆಳಭಾಗಕ್ಕೆ, ಮೊಲೆತೊಟ್ಟಿನ ಆಸುಪಾಸಿಗೆ ಅಥವಾ ಚೂರು ಕೆಳಗೆ ತಾಗಲಿ. ಅಲ್ಲಿಂದ ಮೇಲೆ ಹೋಗುವಾಗ ಅದು ನೆಟ್ಟಗೆ ಹೋಗುವುದಿಲ್ಲ. ಸ್ವಲ್ಪ ಓರೆಯಾಗಿ ಹಿಂದಕ್ಕೆ ಸರಿದು, ಕೊನೆಗೆ ಭುಜದ ಮೇಲೆ ಬಂದು ನಿಲ್ಲುತ್ತದೆ.

ಬಾರ್ ಮುಟ್ಟುವ ಮುಂಚೆಯೇ ಅರ್ಧ ಕೆಲಸ ಮುಗಿದಿರಬೇಕು. ಹೆಗಲ ಮೂಳೆಗಳೆರಡನ್ನೂ ಬೆನ್ನ ಹಿಂದೆ ಒಂದಕ್ಕೊಂದು ಹತ್ತಿರ ತಂದು, ಸೊಂಟದ ಕಡೆಗೆ ಇಳಿಸಿ, ಹಾಗೇ ಬೆಂಚಿಗೆ ಒತ್ತಿ ಮಲಗಿ. ಬಾರನ್ನು ಸ್ಟ್ಯಾಂಡಿನಿಂದ ತೆಗೆಯುವಾಗ ಈ ಬಿಗಿ ಸಡಿಲವಾಗುವುದು ತುಂಬಾ ಮಾಮೂಲಿ. ಅದಕ್ಕೇ ಬಾರನ್ನು ಕೈಗೆ ಕೊಡಲು ಒಬ್ಬರಿರಲಿ. ಪಾದ ನೆಲಕ್ಕೆ ಊರಿರಲಿ, ಕುಂಡೆ ಬೆಂಚಿನಿಂದ ಏಳಬಾರದು. ಸೊಂಟದ ಕೆಳಗೆ ಸಣ್ಣ ಕಮಾನು ಇದ್ದರೆ ತಪ್ಪೇನಿಲ್ಲ.

ಕೈ ಹಿಡಿತವನ್ನೂ ನೋಡಿಕೊಳ್ಳಿ. ಬಾರ್ ಬೆರಳುಗಳ ಬುಡದಲ್ಲಿ ಕೂತರೆ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಅದನ್ನು ಅಂಗೈಯ ತಳದ ದಪ್ಪ ಭಾಗಕ್ಕೆ, ಮುಂಗೈ ಮೂಳೆಯ ನೇರಕ್ಕೆ ಇಳಿಸಿಕೊಳ್ಳಿ. ಹೆಬ್ಬೆರಳು ಬಾರನ್ನು ಸುತ್ತಿ ಹಿಡಿದಿರಲೇಬೇಕು, ಈ ವಿಷಯದಲ್ಲಿ ಸ್ಟೈಲ್ ಬೇಡ. ಇಷ್ಟು ಸರಿ ಮಾಡಿದ ಮೇಲೂ ನೋವು ಎರಡು-ಮೂರು ವಾರ ಉಳಿದರೆ, ಅಥವಾ ರಾತ್ರಿ ಮಲಗಿದಾಗಲೂ ಕಾಡಿದರೆ, ವೈದ್ಯರಿಗೆ ತೋರಿಸಿ.

ಇನ್ನು ಗೆಳೆಯನ 100 ಕೆಜಿ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಬಾರ್ ಎದೆಯ ಮೇಲೆ ಅಲುಗಾಡದೆ ನಿಂತ ಮೇಲೇ ರೆಫ್ರಿ ‘ಪ್ರೆಸ್’ ಅನ್ನುತ್ತಾರೆ. ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಲ್ಲಿ ಎರಡು ತೋರುಬೆರಳುಗಳ ನಡುವೆ 81 ಸೆಂಟಿಮೀಟರ್‌ಗಿಂತ ಅಗಲ ಹಿಡಿಯುವಂತೆಯೂ ಇಲ್ಲ. ಎಗರಿಸಿದ್ದಕ್ಕೆ ಅಲ್ಲಿ ಬೆಲೆಯಿಲ್ಲ. ಗೆಳೆಯನಿಗೆ ಬಾರನ್ನು ಎದೆಯ ಮೇಲೆ ಒಂದು ಸೆಕೆಂಡ್ ನಿಲ್ಲಿಸಿ ಎತ್ತಲು ಹೇಳಿ, ಅಂಕಿ ಇಳಿಯುವುದು ಬಹುತೇಕ ಖಚಿತ. (ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್‌ನಲ್ಲಿ ಬೆಂಚ್ ಪ್ರೆಸ್ ಇಲ್ಲವೇ ಇಲ್ಲ. ಪ್ಯಾರಾಲಿಂಪಿಕ್ಸ್ ಪವರ್‌ಲಿಫ್ಟಿಂಗ್‌ನಲ್ಲಿ ಮಾತ್ರ ಇರುವುದೇ ಅದೊಂದು. ಮಜಾ ಅಲ್ವಾ?)

ಒಂದೇ ಸಲ ಗರಿಷ್ಠ ಎಷ್ಟು ಎತ್ತಬಹುದು ಎಂಬುದನ್ನು ‘ಒನ್ ರೆಪ್ ಮ್ಯಾಕ್ಸ್’ ಅನ್ನುತ್ತಾರೆ. ಅದನ್ನು ಅಂದಾಜು ಮಾಡಲು ಎಪ್ಲಿ ಸೂತ್ರ ಸುಲಭ: ರೆಪ್ ಸಂಖ್ಯೆಯನ್ನು (ಒಂದೇ ಸಮನೆ ಎಷ್ಟು ಸಲ ಎತ್ತಿದಿರಿ ಎಂಬುದನ್ನು) 30ರಿಂದ ಭಾಗಿಸಿ, 1 ಕೂಡಿಸಿ, ತೂಕದಿಂದ ಗುಣಿಸಿ. ನಿಮ್ಮ 70 ಕೆಜಿ, 6 ರೆಪ್‌ಗೆ 84 ಬರುತ್ತದೆ. ಬ್ರಿಝಿಕಿ ಸೂತ್ರದಲ್ಲಿ ತೂಕವನ್ನು 36ರಿಂದ ಗುಣಿಸಿ, 37ರಲ್ಲಿ ರೆಪ್ ಕಳೆದು ಉಳಿದದ್ದರಿಂದ ಭಾಗಿಸಬೇಕು. ಅದರಲ್ಲಿ ಸುಮಾರು 81. ಆ ಆರು ರೆಪ್ ಶುದ್ಧವಾಗಿದ್ದು, ಏಳನೆಯದು ಆಗುತ್ತಲೇ ಇರಲಿಲ್ಲ ಅನ್ನುವಂತಿದ್ದರೆ ಮಾತ್ರ ಈ ಲೆಕ್ಕ ನಂಬಬಹುದು. ರೆಪ್ ಹತ್ತು ದಾಟಿದರೆ ಅಂದಾಜು ಸಿಕ್ಕಾಪಟ್ಟೆ ತಪ್ಪುತ್ತದೆ.

ನಿಜವಾಗಿ ಎತ್ತಿ ನೋಡಬೇಕು ಅಂದರೆ, ಚುಚ್ಚುವುದು ಪೂರ್ತಿ ನಿಂತ ಮೇಲೆ ನೋಡಿ. ಬರಿ ಬಾರ್‌ನಿಂದ ಶುರು ಮಾಡಿ, 40, 55, 65, 72 ಎಂದು ರೆಪ್ ಕಡಿಮೆ ಮಾಡುತ್ತಾ ಹೋಗಿ. ಆಮೇಲೆ 78 ಒಂದೇ ಸಲ, ಎದೆಯ ಮೇಲೆ ನಿಲ್ಲಿಸಿ. ದೊಡ್ಡ ಎತ್ತುವಿಕೆಗಳ ನಡುವೆ ಮೂರರಿಂದ ಐದು ನಿಮಿಷ ಬಿಡುವು. ತಲೆಯ ಹತ್ತಿರ ಸ್ಪಾಟರ್ (ಬಾರ್ ಏಳದಿದ್ದರೆ ಹಿಡಿಯುವವರು) ಇರಲಿ, ಆದರೆ ಅವರು ಬಾರ್ ಮುಟ್ಟಿದ ರೆಪ್ ಲೆಕ್ಕಕ್ಕೆ ಬೇಡ. ಮುಂದಿನ ಸಲ, ಎರಡು-ಮೂರು ತಿಂಗಳ ನಂತರ, ಅದೇ ಹಿಡಿತ, ಅದೇ ನಿಲುಗಡೆ ಇಟ್ಟುಕೊಂಡು ನೋಡಿ. ಆಗ 2 ಕೆಜಿ ಹೆಚ್ಚಿದ್ದರೂ ಅದು ನಿಮ್ಮದೇ.