ಆ ರೈತ ಯಾಕೆ ಕೂಗಿದ? ಬೆಟ್ಟದ ಓಟದ ಲೇಖನಕ್ಕೆ ಒಂದು ಉತ್ತರ

ಪ್ರೀತಿಯ ಲೇಖಕರಿಗೆ,

ನಮಸ್ಕಾರ. ನೀವು ಕಳಿಸಿದ ‘ಒರಟು ಊರು, ಮುಗ್ಧ ಜನ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ‘ಕ್ಷಮಿಸಿ, ಬಳಸಿಕೊಳ್ಳಲು ಆಗುತ್ತಿಲ್ಲ’ ಅಂತ ಒಂದು ಸಾಲು ಬರೆದು ಮುಗಿಸೋಣ ಅನ್ನಿಸಿತು. ಎರಡನೇ ಸಲ ಹನ್ನೊಂದನೇ ಪುಟದ ಒಂದು ಸಾಲು ಕಣ್ಣಿಗೆ ಬಿತ್ತು. ಈ ಉದ್ದ ಪತ್ರಕ್ಕೆ ಆ ಒಂದು ಸಾಲೇ ಕಾರಣ. ಲೇಖನ ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ಹೊರಗೆ ತೆಗೆಯುವ ಕೆಲಸ ನಿಮ್ಮದು.

ಈ ಉತ್ತರವನ್ನು ಬೇರೆ ಬರಹಗಾರರೂ ಓದಲಿ ಅಂತ ನೀವು ಒಪ್ಪಿದ್ದೀರಿ. ಅವರಿಗಾಗಿ ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಮ್ಯಾಂಚೆಸ್ಟರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಒಂದು ಕಣಿವೆಯಲ್ಲಿ ನಡೆದ ಚಿಕ್ಕ ಫೆಲ್ ರೇಸಿನಲ್ಲಿ, ಅಂದರೆ ಬೆಟ್ಟದ ಓಟದಲ್ಲಿ, ಓಡಿದ್ದೀರಿ. ಅಲ್ಲಿ ಮೂರು ಜನ ಸಿಗುತ್ತಾರೆ. ಒಬ್ಬ ಹಿರಿಯರು ಓಟಕ್ಕೆ ಮೊದಲು ನಿಮ್ಮ ಚೀಲ ಬಿಚ್ಚಿಸಿ, ದಿಕ್ಸೂಚಿ ಇಲ್ಲ ಅಂತ ಸಾಲಿನಿಂದ ಆಚೆ ನಿಲ್ಲಿಸುತ್ತಾರೆ. ನೀವು ಯಾರದೋ ಹತ್ತಿರ ಬೇಡಿ ತಂದು ತೋರಿಸಬೇಕಾಯಿತು. ಒಬ್ಬ ರೈತ, ನೀವು ಕಲ್ಲಿನ ಗೋಡೆ ಹತ್ತಿ ದಾಟಿದ್ದಕ್ಕೆ ದೂರದಿಂದ ಕೂಗಿ ಬೈಯುತ್ತಾನೆ. ಇವರಿಬ್ಬರೂ ನಿಮಗೆ ‘ಒರಟು’. ಕೊನೆಗೆ ಊರಿನ ಹಾಲ್‌ನಲ್ಲಿ ಒಬ್ಬ ಅಜ್ಜಿ ಬಿಸಿ ಸೂಪು ಕೊಟ್ಟು, ನಿಮ್ಮ ಒದ್ದೆ ಶೂ ಕಿತ್ತುಕೊಂಡು, ಒಳಗೆ ಹಳೇ ಪೇಪರ್ ತುರುಕಿ ಹೀಟರಿನ ಪಕ್ಕ ಇಡುತ್ತಾರೆ. ಅವರು ನಿಮಗೆ ‘ಮುಗ್ಧ’.

ಈ ಮುಗ್ಧ ಅನ್ನುವ ಪದ ಲೇಖನದಲ್ಲಿ ಏಳು ಸಲ ಬಂದಿದೆ. ಅದರ ಬಗ್ಗೆ ಮೊದಲು ಮಾತಾಡೋಣ, ಯಾಕೆಂದರೆ ಅದು ನನ್ನನ್ನು ಚುಚ್ಚಿದ್ದು ಸಂಪಾದಕನಾಗಿ ಮಾತ್ರ ಅಲ್ಲ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಜಲಪಾತ ನೋಡಲು ಬಂದವರು ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋಗುತ್ತಿದ್ದರು. ಒಬ್ಬರು ಆಮೇಲೆ ಒಂದು ಪತ್ರಿಕೆಯಲ್ಲಿ ಬರೆದರು, ‘ಮಲೆನಾಡಿನ ಮುಗ್ಧ ಗೃಹಿಣಿ’ ಅಂತ. ನನ್ನ ಅಮ್ಮ ಅದನ್ನು ಓದಿ ಪೇಪರ್ ಮಡಚಿಟ್ಟಳು. ಏನೂ ಹೇಳಲಿಲ್ಲ. ಆ ವರ್ಷ ಕೊಳೆರೋಗ ಬಂದು ಅರ್ಧ ಅಡಿಕೆ ಉದುರಿತ್ತು. ಸೊಸೈಟಿ ಸಾಲದ ಲೆಕ್ಕವನ್ನು ಅಮ್ಮನೇ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಬಂದವರಿಗೆ ಕಾಫಿ ಕೊಟ್ಟದ್ದು ಮುಗ್ಧತೆಯಿಂದ ಅಲ್ಲ. ಮಳೆಯಲ್ಲಿ ನೆನೆದು ಬಂದವರಿಗೆ ಕಾಫಿ ಕೊಡದೆ ಕಳಿಸುವುದು ನಮ್ಮಲ್ಲಿ ಇಲ್ಲ. ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ನಿಮ್ಮ ಅಜ್ಜಿಯೂ ಹಾಗೆಯೇ ಇರಬಹುದು. ಲೇಕ್ ಡಿಸ್ಟ್ರಿಕ್ಟ್‌ನ ಎಷ್ಟೋ ಊರುಗಳಲ್ಲಿ ಮನೆಗಳು ಹೊರಗಿನವರ ರಜೆಯ ಮನೆಗಳಾಗಿವೆ. ಅಲ್ಲೇ ಹುಟ್ಟಿದ ಹುಡುಗರಿಗೆ ಕೊಳ್ಳುವ ಶಕ್ತಿ ಇಲ್ಲದಷ್ಟು ಬೆಲೆ ಏರಿದೆ. ಹಾಲ್‌ನಲ್ಲಿ ಸೂಪು ಬಡಿಸುತ್ತಿದ್ದವರೆಲ್ಲ ಅರವತ್ತು ದಾಟಿದವರು ಅಂತ ನೀವೇ ಬರೆದಿದ್ದೀರಿ. ಯಾಕೆ ಅಂತ ಕೇಳಿದಿರಾ? ಆ ಅಜ್ಜಿಯ ಮಕ್ಕಳು ಎಲ್ಲಿದ್ದಾರೆ? ಒಂದೇ ಒಂದು ಪ್ರಶ್ನೆ ಕೇಳಿದ್ದರೆ ‘ಮುಗ್ಧ’ ತಾನಾಗಿ ಬಿದ್ದು ಹೋಗುತ್ತಿತ್ತು.

ಇನ್ನು ಆ ರೈತ.

ನೀವು ಅವನ ಮೇಲೆ ಒಂದು ಇಡೀ ಪುಟ ಸಿಟ್ಟು ತೋರಿಸಿದ್ದೀರಿ. ‘ಒಂದು ಗೋಡೆ ದಾಟಿದ್ದಕ್ಕೆ ಇಷ್ಟು ಕೂಗಾಟವೇ?’ ಅಂತ. ಆ ಗೋಡೆ ಹೇಗೆ ನಿಂತಿದೆ ಅಂತ ಸುಮ್ನೆ ಒಮ್ಮೆ ಬಗ್ಗಿ ನೋಡಬೇಕಿತ್ತು. ಅಲ್ಲಿಯ ಗೋಡೆಗಳಿಗೆ ಗಾರೆ ಇಲ್ಲ, ಸಿಮೆಂಟ್ ಇಲ್ಲ. ಎರಡು ಬದಿಗೆ ದೊಡ್ಡ ಕಲ್ಲು, ನಡುವೆ ಚಿಕ್ಕ ಚೂರು, ಅಲ್ಲಲ್ಲಿ ಎರಡೂ ಬದಿಯನ್ನು ಹಿಡಿದಿಡುವ ಉದ್ದ ಕಲ್ಲು, ಮೇಲೆ ಸಾಲಾಗಿ ನಿಲ್ಲಿಸಿದ ತಲೆಗಲ್ಲು. ಬರೀ ಭಾರದ ಮೇಲೆ ನಿಂತಿರುವ ಗೋಡೆ ಅದು. ನಿಮ್ಮಂಥ ಐವತ್ತು ಜನ ಒಂದೇ ಕಡೆ ಹತ್ತಿ ಇಳಿದರೆ ತಲೆಗಲ್ಲು ಜಾರುತ್ತದೆ. ಒಂದು ಕಲ್ಲು ಜಾರಿದ ಜಾಗದಲ್ಲಿ ಮಳೆ, ಹಿಮ ಸೇರಿ ಮುಂದಿನ ಚಳಿಗಾಲಕ್ಕೆ ಗೋಡೆಯೇ ಕುಸಿಯುತ್ತದೆ. ಪಳಗಿದ ಕೈ ಕೂಡ ದಿನವಿಡೀ ಕೂತರೆ ಕಟ್ಟುವುದು ಕೆಲವೇ ಮೀಟರ್.

ನಮ್ಮೂರಲ್ಲಿ ಉಣಗೋಲು (ಬೇಲಿಯ ದಾರಿಗೆ ಅಡ್ಡ ಹಾಕುವ ಗಳ) ಹಾಕದೆ ಹೋದವರಿಗೆ ನನ್ನ ಅಜ್ಜ ಇದಕ್ಕಿಂತ ಜೋರಾಗಿ ಕೂಗುತ್ತಿದ್ದ. ದನ ಗದ್ದೆಗೆ ನುಗ್ಗಿದರೆ ಒಂದು ಗಂಟೆಯಲ್ಲಿ ವರ್ಷದ ಅನ್ನ ಹೋಗುತ್ತದೆ. ಕೂಗಿದ ಮೇಲೆ ಅದೇ ಅಜ್ಜ ಅವರನ್ನು ಕರೆದು ಮಜ್ಜಿಗೆ ಕೊಡುತ್ತಿದ್ದ. ನೀವು ಲೇಖನದಲ್ಲಿ ‘ನಮ್ಮ ಮಲೆನಾಡಿನ ಹಾಗೆಯೇ ಹಸಿರು’ ಅಂತ ಒಂದು ಹೋಲಿಕೆ ಮಾಡಿದ್ದೀರಿ. ಹಸಿರಿನ ಹೋಲಿಕೆ ಬಿಟ್ಟುಬಿಡಿ, ಅದು ಕಣ್ಣಿಗೆ ಮಾತ್ರ ಕಾಣುವುದು. ಆ ಗೋಡೆ ಮತ್ತು ಈ ಉಣಗೋಲು ನಿಜವಾಗಿ ಹತ್ತಿರದವು.

ಕುರಿಗಳ ವಿಷಯವನ್ನೂ ಹೇಳಲೇಬೇಕು. ನೀವು ‘ಬಿಳಿ ಮೋಡಗಳಂತೆ ಹರಡಿದ ಕುರಿಗಳು’ ಅಂತ ಬರೆದಿದ್ದೀರಿ. ಆ ಕಣಿವೆಗಳ ಹೆಸರಾಂತ ತಳಿ ಹರ್ಡ್‌ವಿಕ್. ಅದರ ಮರಿ ಹುಟ್ಟುವಾಗ ಕಪ್ಪು. ಬೆಳೆದ ಹಾಗೆ ಮುಖ ಬೆಳ್ಳಗಾಗುತ್ತದೆ, ಮೈ ಬೂದು ಬಣ್ಣಕ್ಕೆ ತಿರುಗುತ್ತದೆ. ಉಣ್ಣೆ ಒರಟು, ಮಳೆ ಚಳಿ ತಡೆಯಲು ಹೇಳಿ ಮಾಡಿಸಿದ್ದು. ಇನ್ನೂ ದೊಡ್ಡ ಸಂಗತಿ ಬೇರೆ ಇದೆ. ಮೇಲಿನ ಬೋಳು ಬೆಟ್ಟಕ್ಕೆ ಬೇಲಿ ಇರುವುದಿಲ್ಲ. ಆದರೂ ಒಂದೊಂದು ಹಿಂಡು ತನ್ನ ಜಾಗ ಬಿಟ್ಟು ಹೋಗುವುದಿಲ್ಲ. ಮರಿ ತಾಯಿಯ ಹಿಂದೆ ತಿರುಗಿ ತಿರುಗಿ ಆ ಜಾಗವನ್ನು ಕಲಿಯುತ್ತದೆ. ಅದಕ್ಕೆ ಅಲ್ಲಿಯವರು ‘ಹೆಫ್ಟ್’ ಅನ್ನುತ್ತಾರೆ. 2001ರಲ್ಲಿ ಕಾಲುಬಾಯಿ ರೋಗ ಬಂದಾಗ ಆ ಕಣಿವೆಗಳಿರುವ ಕುಂಬ್ರಿಯಾ ಪ್ರಾಂತದಲ್ಲಿ ರಾಶಿ ರಾಶಿ ಕುರಿ ದನ ಕೊಂದು ಹಾಕಬೇಕಾಯಿತು. ಬೆಟ್ಟಗಳನ್ನು ಜನರಿಗೆ ಮುಚ್ಚಿದರು, ಓಟಗಳು ರದ್ದಾದವು. ಒಂದು ಹಿಂಡು ಹೋದರೆ ಸಂತೆಯಿಂದ ಬೇರೆ ಕುರಿ ತರಬಹುದು. ಜಾಗ ಗೊತ್ತಿರುವ ಕುರಿ ಎಲ್ಲಿಂದ ತರುವುದು? ಇದನ್ನು ಕಂಡ ಮನುಷ್ಯ ಯಾರಾದರೂ ಗೋಡೆ ಹತ್ತಿದರೆ, ಗೇಟು ತೆಗೆದಿಟ್ಟು ಓಡಿದರೆ ಸುಮ್ಮನಿರುತ್ತಾನಾ?

ಈಗ ಆ ಹನ್ನೊಂದನೇ ಪುಟದ ಸಾಲು. ‘ಸಂಜೆ ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದವರಲ್ಲಿ ಬೆಳಿಗ್ಗೆ ಬೈದ ರೈತನೂ ಇದ್ದ, ನನ್ನನ್ನು ನೋಡಿ ತಲೆಯಾಡಿಸಿದ’. ಇಷ್ಟೇ ಬರೆದು ಸೂರ್ಯಾಸ್ತದ ವರ್ಣನೆಗೆ ಹೋಗಿಬಿಟ್ಟಿದ್ದೀರಿ!

ನೀವು ಬರೆಯಬೇಕಾದ ಲೇಖನ ಇದೇ. ಬೈದವನೇ ನಿಮಗೆ ಕೂರಲು ಕುರ್ಚಿ ಹಾಕಿದ. ದಿಕ್ಸೂಚಿ ಇಲ್ಲದೆ ಬಿಡಲ್ಲ ಅಂದ ಹಿರಿಯರನ್ನೂ ಈ ಬೆಳಕಿನಲ್ಲಿ ನೋಡಿ. ಫೆಲ್ ಓಟದಲ್ಲಿ ದಾರಿಯುದ್ದಕ್ಕೂ ಬಾಣದ ಗುರುತು ಇರುವುದಿಲ್ಲ. ಇಂತಿಂಥ ಶಿಖರ ಮುಟ್ಟಿ ಬನ್ನಿ ಅನ್ನುತ್ತಾರೆ, ದಾರಿ ಹುಡುಕಿಕೊಳ್ಳುವುದು ಓಟಗಾರರ ಪಾಡು. ಮಂಜು ಕವಿದರೆ ಹತ್ತಡಿ ಮುಂದೆ ಕಾಣುವುದಿಲ್ಲ. ದಾರಿ ತಪ್ಪಿದರೆ ರಾತ್ರಿ ಟಾರ್ಚು ಹಿಡಿದು ಹುಡುಕಲು ಹೋಗುವ ಬೆಟ್ಟದ ರಕ್ಷಣಾ ತಂಡದವರು ಸಂಬಳಕ್ಕೆ ಇರುವವರಲ್ಲ. ಸುತ್ತಲಿನ ಊರಿನವರೇ, ಸ್ವಂತ ಕೆಲಸ ಬಿಟ್ಟು ಹೋಗುವವರು. ನಿಮ್ಮ ಚೀಲ ನೋಡಿದ ಹಿರಿಯರು ನೀವು ಜೀವಂತ ವಾಪಸ್ ಬರಲಿ ಅಂತ ನೋಡಿದರು. ಅಜ್ಜಿ ಶೂ ಒಣಗಿಸಿದ್ದೂ ಅದೇ ಕಾಳಜಿ, ದಿನದ ಇನ್ನೊಂದು ತುದಿಯಲ್ಲಿ.

ಓಟಗಾರರು ಬೇರೆ, ಊರಿನವರು ಬೇರೆ ಅಂತ ನೀವು ಗೆರೆ ಎಳೆದಿದ್ದೀರಿ. ಅಲ್ಲಿಯ ಚರಿತ್ರೆ ಆ ಗೆರೆಯನ್ನು ಒಪ್ಪುವುದಿಲ್ಲ. ಜಾಸ್ ನೇಲರ್ ಬಗ್ಗೆ ಒಂದೂವರೆ ಪುಟ ಇದೆ, ಎಲ್ಲವೂ ಬಿರುದುಗಳೇ. ಅವರು ವಾಸ್‌ಡೇಲ್ ಕಣಿವೆಯ ಕುರಿ ಸಾಕುವ ರೈತ, ಬೆನ್ನಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವರು, 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಮುಟ್ಟಿದವರು, 2024ರಲ್ಲಿ ತೀರಿಕೊಂಡರು. ಇಷ್ಟು ಸಾಕು. ಕುರಿ ಹಿಂದೆ ಹತ್ತಿದ ಬೆಟ್ಟವನ್ನೇ ಅವರು ಓಡಿದರು ಅನ್ನುವುದು ಮುಖ್ಯ. ಇನ್ನೊಬ್ಬ ಓಟಗಾರ ಬಿಲ್ಲಿ ಬ್ಲಾಂಡ್ ಬಾರೋಡೇಲ್ ಕಣಿವೆಯ ಕಲ್ಲು ಕೆಲಸದವರು. 24 ಗಂಟೆಯೊಳಗೆ 42 ಶಿಖರ ಮುಟ್ಟಿ ಬರುವ ಬಾಬ್ ಗ್ರಹಾಂ ಸುತ್ತನ್ನು 1982ರಲ್ಲಿ 13 ಗಂಟೆ 53 ನಿಮಿಷಕ್ಕೆ ಮುಗಿಸಿದರು. ಆ ದಾಖಲೆ 36 ವರ್ಷ ಉಳಿಯಿತು. 2018ರಲ್ಲಿ ಸ್ಪೇನಿನ ಕಿಲಿಯನ್ ಜೋರ್ನೆಟ್ ಅದನ್ನು ಮುರಿದಾಗ, ಆ ಸುತ್ತು ಮುಗಿಯುವ ಕೆಸ್ವಿಕ್ ಪೇಟೆಯ ಮೂಟ್ ಹಾಲ್ ಬಾಗಿಲಲ್ಲಿ ಅಭಿನಂದಿಸಲು ಬಿಲ್ಲಿ ಬ್ಲಾಂಡ್ ಅವರೇ ಬಂದಿದ್ದರು. ಸ್ವಾಗತ ಅಂದರೆ ಏನು ಅಂತ ಹೇಳಲು ನಿಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಎರಡು ತಪ್ಪು ತಿದ್ದಿಕೊಳ್ಳಿ. ಬಾಬ್ ಗ್ರಹಾಂ ‘ವೃತ್ತಿಪರ ಕ್ರೀಡಾಪಟು’ ಅಲ್ಲ. ಕೆಸ್ವಿಕ್‌ನಲ್ಲಿ ಅತಿಥಿಗೃಹ ನಡೆಸುತ್ತಿದ್ದವರು. 1932ರ ಜೂನ್‌ನಲ್ಲಿ, ಟೆನಿಸ್ ಶೂ ಹಾಕಿಕೊಂಡು, 42 ಶಿಖರಗಳನ್ನು 24 ಗಂಟೆಯೊಳಗೆ ಸುತ್ತಿ ಬಂದರು. ಸ್ಕಾಫೆಲ್ ಪೈಕ್ ಇಂಗ್ಲೆಂಡಿನ ಎತ್ತರದ ಶಿಖರ, ಬ್ರಿಟನ್ನಿನದ್ದಲ್ಲ. ಬ್ರಿಟನ್ನಿನದ್ದು ಸ್ಕಾಟ್ಲೆಂಡಿನ ಬೆನ್ ನೆವಿಸ್.

ಎತ್ತರ ಹೇಳುವಾಗ ನಿಮ್ಮ ಓದುಗರು ಯಾರು ಅಂತ ನೆನಪಿರಲಿ. ಸ್ಕಾಫೆಲ್ ಪೈಕ್ 978 ಮೀಟರ್ ಅಂತ ಬರೆದು ‘ಗಗನಚುಂಬಿ’ ಅಂದಿದ್ದೀರಿ. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ. ಚಿಕ್ಕಮಗಳೂರಿನ ಓದುಗರು ಅಲ್ಲೇ ಲೇಖನ ಕೆಳಗಿಡುತ್ತಾರೆ. ಕಷ್ಟ ಇರುವುದು ಎತ್ತರದಲ್ಲಿ ಅಲ್ಲ, ಮತ್ತೆ ಮತ್ತೆ ಹತ್ತಿ ಇಳಿಯುವುದರಲ್ಲಿ. ಬಾರೋಡೇಲ್ ರೇಸನ್ನೇ ತೆಗೆದುಕೊಳ್ಳಿ. ರಾಸ್ತ್‌ವೇಟ್ ಊರಿನಿಂದ ಹೊರಟು ಸ್ಕಾಫೆಲ್ ಪೈಕ್, ಗ್ರೇಟ್ ಗೇಬಲ್, ಡೇಲ್ ಹೆಡ್ ಮುಟ್ಟಿ ಅಲ್ಲಿಗೇ ವಾಪಸ್, ಸುಮಾರು 27 ಕಿ.ಮೀ. ಒಟ್ಟು ಏರು ಸುಮಾರು 2,000 ಮೀಟರ್. ಕಾಲಡಿ ಉರುಳುವ ಕಲ್ಲು, ಜೌಗು. ಮಳೆಯೂ ಹಾಗೆಯೇ. ಅಲ್ಲಿಯ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುತ್ತದೆ. ಆಗುಂಬೆಯವರಿಗೆ ಇದು ದೊಡ್ಡದಲ್ಲ. ಆದರೆ ಅದು ತಣ್ಣಗಿನ ಮಳೆ, ಗಾಳಿ ಜೊತೆ ಬರುವ ಮಳೆ, ನಿಂತರೆ ನಡುಕ ಹತ್ತುವ ಮಳೆ. ಬೆರಳು ಮರಗಟ್ಟಿ ಶೂ ಲೇಸು ಬಿಚ್ಚಲು ಆಗಲಿಲ್ಲ ಅಂತ ನೀವು ಬರೆದ ಸಾಲು ಈ ಎಲ್ಲ ಅಂಕಿಗಿಂತ ಚೆನ್ನಾಗಿದೆ. ಅದಕ್ಕೇ ಅಜ್ಜಿ ಶೂ ಕಿತ್ತುಕೊಂಡದ್ದು! ಆ ಎರಡು ಸಾಲುಗಳ ನಡುವೆ ನೀವು ಮೂರು ಪುಟ ತುಂಬಿದ್ದೀರಿ. ತಂದು ಪಕ್ಕಪಕ್ಕ ಇಡಿ.

‘ಫೆಲ್’ ಅಂದರೆ ಏನು ಅಂತ ಎಲ್ಲೂ ಹೇಳಿಲ್ಲ. ವೈಕಿಂಗರ ನಾರ್ಸ್ ಭಾಷೆಯಿಂದ ಉಳಿದ ಮಾತು, ಬೆಟ್ಟ ಅಂತ ಅರ್ಥ, ಕುರಿ ಮೇಯುವ ಬಯಲು ಗುಡ್ಡಕ್ಕೂ ಅನ್ನುತ್ತಾರೆ. ಒಂದು ಸಾಲು ಸಾಕು. ‘ಪ್ರಕೃತಿಯ ಮಡಿಲು’, ‘ಸ್ವರ್ಗವೇ ಧರೆಗಿಳಿದಂತೆ’ ಇವೆರಡನ್ನೂ ತೆಗೆಯಿರಿ. ಅವನ್ನು ಅಲ್ಲಿಗೆ ಹೋಗದವರೂ ಬರೆಯಬಹುದು.

ನನಗೆ ತುಂಬ ಹಿಡಿಸಿದ ಭಾಗ ಇನ್ನೊಂದಿದೆ. ಕೊನೆಯ ಇಳಿಜಾರಿನಲ್ಲಿ ಊರು ನಿಮಗೆ ಮೊದಲು ಗೋಡೆಗಳ ಗೆರೆಯಾಗಿ, ಆಮೇಲೆ ಸ್ಲೇಟಿನ ಛಾವಣಿಯಾಗಿ, ಕೊನೆಗೆ ಒಂದು ಹೊಗೆಯಾಗಿ ಕಂಡಿತು ಅಂದಿದ್ದೀರಿ. ಕಾರಿನಲ್ಲಿ ಬಂದವರಿಗೆ ಊರು ಹಾಗೆ ಕಾಣುವುದಿಲ್ಲ. ಮೇಲಿನಿಂದ, ಹಸಿದು, ನಡುಗುತ್ತಾ ಬರುವವರಿಗೆ ಮಾತ್ರ ಹಾಗೆ ಕಾಣುತ್ತದೆ. ನಿಮ್ಮ ಹಸಿವನ್ನು ಮುಚ್ಚಿಡಬೇಡಿ. ಸೂಪು ಅಮೃತದಂತೆ ಇತ್ತು ಅನ್ನುವ ಬದಲು, ಅದರಲ್ಲಿ ಏನಿತ್ತು, ಎಷ್ಟು ಬಟ್ಟಲು ಕುಡಿದಿರಿ ಅಂತ ಬರೆಯಿರಿ.

ಲೇಖನ ಈಗ 4,000 ಪದ ಇದೆ. 1,800ಕ್ಕೆ ಇಳಿಸಿ. ಕೂಗಿದ ರೈತನಿಂದ ಶುರುವಾಗಲಿ, ಅವನ ಕುರ್ಚಿಯ ಹತ್ತಿರ ನಿಲ್ಲಲಿ. ಸಾಧ್ಯವಾದರೆ ಇನ್ನೊಮ್ಮೆ ಆ ಊರಿಗೆ ಹೋಗಿ, ಓಡಲು ಅಲ್ಲ. ಗೋಡೆ ದಾಟಿದ್ದಕ್ಕೆ ಕ್ಷಮೆ ಕೇಳಿ, ಅವನ ಹತ್ತಿರ ಎಷ್ಟು ಕುರಿ ಇವೆ ಅಂತ ಕೇಳಿ. ಅವನು ಏನು ಹೇಳಿದ, ಅಥವಾ ಏನೂ ಹೇಳದೆ ಕೆಲಸಕ್ಕೆ ಹೋದನಾ, ಹಾಗೆಯೇ ಬರೆಯಿರಿ. ದೀಪಾವಳಿಯೊಳಗೆ ಬಂದರೆ ನಾನೇ ಕೂತು ನಿಮ್ಮ ಜೊತೆ ಸಾಲು ಸಾಲು ನೋಡುತ್ತೇನೆ.

ಮರೆತೆ. ಶೂ ಒಳಗೆ ತುರುಕಿದ್ದ ಪೇಪರ್ ಮ್ಯಾಂಚೆಸ್ಟರಿನ ಮನೆಗೆ ಬಂದ ಮೇಲೂ ಒಳಗೇ ಇತ್ತು, ಅದರಲ್ಲಿ ಕುರಿ ಮಾರಾಟದ ಜಾಹೀರಾತು ಇತ್ತು ಅಂತ ಬರೆದಿದ್ದೀರಿ. ಅದನ್ನು ಎಸೆದಿಲ್ಲ ತಾನೇ? ಬಿಡಿಸಿ, ಒಣಗಿಸಿ, ಒಂದು ಫೋಟೋ ತೆಗೆದು ಕಳಿಸಿ.

ಇಂತಿ,
ನಿಮ್ಮ ಸಂಪಾದಕ